ಮೊದಲು ತಂದದ್ದು ಗೇಣಿದಾರನ ಮನೆ

ಮಗ ಫಿನ್‌ಲ್ಯಾಂಡಲ್ಲಿ ಕೆಲಸದಲ್ಲಿರೋದು ನಿಮಗೆ ಗೊತ್ತೇ ಇದೆ. ಸೊಸೆ ಬಾಣಂತನಕ್ಕೆ ಅಂತ ಬೇಸಿಗೆಯಲ್ಲಿ ನಾನು, ಮನೆಯವಳು ಹೋಗಿ ಬಂದ್ವಿ. ಅಲ್ಲಿ ನೋಡಿದ್ದರಲ್ಲಿ ಒಂದು ಮಾತ್ರ ತಲೆಯಿಂದ ಹೋಗ್ತಿಲ್ಲ. ಅದಕ್ಕೇ ಬರೀತಿದೀನಿ.

ಹೆಲ್ಸಿಂಕಿ ಪಟ್ಟಣದಲ್ಲೇ ಸೆಯುರಸಾರಿ ಅಂತ ಒಂದು ದ್ವೀಪ ಇದೆ. ಮರದ ಸೇತುವೆ ಮೇಲೆ ನಡ್ಕೊಂಡು ಹೋಗ್ಬೇಕು. ದೇಶದ ಬೇರೆ ಬೇರೆ ಕಡೆಯಿಂದ ಹಳ್ಳಿ ಮನೆ, ಕೊಟ್ಟಿಗೆ, ಉಗ್ರಾಣಗಳನ್ನ ಬಿಚ್ಚಿ ತಂದು ಅಲ್ಲಿ ಮತ್ತೆ ಜೋಡಿಸಿದ್ದಾರೆ. 80ಕ್ಕೂ ಹೆಚ್ಚು ಕಟ್ಟಡ. 1909ರಲ್ಲಿ ಶುರುವಾದಾಗ ಮೊದಲು ತಂದದ್ದು ಯಾವ ಜಮೀನ್ದಾರನ ಬಂಗಲೆನೂ ಅಲ್ಲ. ಕೊಂಗಿನ್‌ಕಂಗಾಸ್ ಅನ್ನೋ ಕಡೆಯಿಂದ ಒಬ್ಬ ಗೇಣಿದಾರನ ಮನೆ. ಅಲ್ಲಿನ ಗೇಣಿದಾರರು ಬೇರೆಯವರ ಜಮೀನಲ್ಲಿ ಮನೆ ಕಟ್ಕೊಂಡು, ಗೇಣಿಗೆ ಬದಲು ಧಣಿ ಹೊಲದಲ್ಲಿ ಇಷ್ಟು ದಿನ ಅಂತ ದುಡೀತಿದ್ರಂತೆ. 1918ರ ಕಾನೂನು ಬಂದ ಮೇಲೆ ಆ ಜಮೀನು ಕೊಂಡು ತಮ್ಮದು ಮಾಡ್ಕೊಳ್ಳೋಕೆ ದಾರಿ ಆಯ್ತು. ನಮ್ಮಲ್ಲಿ 1974ರಲ್ಲಿ ಡಿಕ್ಲರೇಷನ್ ಕೊಟ್ಟ ಮನೆಯವರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ.

ಆ ಮನೆಗೆ ಹೊಗೆಗೂಡಿಲ್ಲ. ಒಳಗೆಲ್ಲ ಮಸಿ. "ಏನ್ರೀ, ಥೇಟ್ ನಮ್ಮತ್ತೆ ಅಡುಗೆಮನೆ ಇದ್ದಂಗಿದೆ" ಅಂದ್ಳು ಮನೆಯವಳು. ಗೋಡೆ ಅಂದ್ರೆ ಮರದ ದಿಮ್ಮಿ ಒಂದರ ಮೇಲೊಂದು, ಮೂಲೆಯಲ್ಲಿ ಕಚ್ಚು ಹಾಕಿ ಕೂರಿಸಿರೋದು. ಸಂದಿಗೆ ಪಾಚಿ ತುಂಬ್ತಾರೆ, ಚಳಿ ನುಗ್ಗದಂಗೆ.

ನಾನು ಜಾಸ್ತಿ ಹೊತ್ತು ನಿಂತಿದ್ದು ಕಾಳಿನ ಉಗ್ರಾಣದ ಮುಂದೆ. ಐತ್ತ ಅಂತಾರೆ. ನೆಲದ ತೇವ, ಇಲಿ ಎರಡೂ ತಾಕದಂಗೆ ಎತ್ತರಿಸಿ ಕಟ್ಟಿರ್ತಾರೆ. ಕಾಳು ಬಡಿಯೋಕೆ ರೀಹಿ ಅಂತ ಬೇರೆ ಮನೆ. ಅಲ್ಲಿ ಬಿಸಿಲು ಕಮ್ಮಿ ನೋಡಿ. ತೆನೆಯನ್ನ ಒಳಗೆ ಜೋಡಿಸಿ, ಒಲೆ ಉರಿಸಿ, ಬಿಸಿ ಹೊಗೆಯಲ್ಲಿ ಒಣಗಿಸಿ ಆಮೇಲೆ ಬಡೀತಿದ್ರು. ಚೆನ್ನಾಗಿ ಒಣಗಿದ ರೈ ಕಾಳು ಬೇಗ ಕೆಡೋದಿಲ್ಲ, ನಮ್ಮ ರಾಗಿ ಇದ್ದಂಗೆ. ಹಾಗಂತ ಸುಖದ ಕಾಲ ಅಲ್ಲ ಅದು. 1866-68ರ ಬರದಲ್ಲಿ ಅಲ್ಲಿ ನೂರಕ್ಕೆ ಸುಮಾರು 8 ಜನ ಸತ್ರು. ಪೈನ್ ಮರದ ತೊಗಟೆ ಪುಡಿ ಮಾಡಿ ಹಿಟ್ಟಿಗೆ ಬೆರೆಸಿ ತಿಂದಿದಾರೆ. ಹತ್ತು ವರ್ಷದ ಮೇಲೆ ನಮ್ಮ ಮೈಸೂರು ಸೀಮೆಗೂ ಧಾತು ಬರ ಬಂತು.

ಈಗ ನನ್ನ ತಪ್ಪು ಹೇಳ್ತೀನಿ. ನಮ್ಮ ಮನೆ ಮುಂದೆ ಅಪ್ಪನ ಕಾಲದ ಹಗೇವಿತ್ತು. ಅಂಗಳಕ್ಕೆ ಕಾಂಕ್ರೀಟ್ ಹಾಕಿಸುವಾಗ ಜಲ್ಲಿ ಸುರಿದು ನಾನೇ ಮುಚ್ಚಿಸ್ದೆ. ವಾಡೆ ಒಡೆದು ತಿಪ್ಪೆಗೆ ಹಾಕಿದ್ವಿ. ಕಣ ಹೋಯ್ತು, ಈಗ ರಾಗಿ ಒಕ್ಕೋದು ಟಾರು ರೋಡಲ್ಲಿ. ಮನೇಲಿ ಇಡೋಕೆ ಜಾಗ ಇಲ್ಲ, ಚೀಲಕ್ಕೆ ಇಲಿ. ಅದಕ್ಕೆ ಸುಗ್ಗಿ ಮುಗೀತಿದ್ದಂಗೆ ವ್ಯಾಪಾರಿ ಹೇಳಿದ ರೇಟಿಗೆ ಹಾಕ್ತೀವಿ. ಆಷಾಢದಲ್ಲಿ ನಾವೇ ಅಂಗಡೀಲಿ ರಾಗಿ ತರ್ತೀವಿ. ಹಗೇವು ಮುಚ್ಚಿದ ದಿನ ಕಾಯೋ ಶಕ್ತಿನೂ ಮುಚ್ಚಿಬಿಟ್ಟೆ ಅಂತ ಅಲ್ಲಿ ನಿಂತಾಗ ಅನ್ನಿಸ್ತು.

ಹಳೆ ಮನೇಲೇ ಇರಿ ಅಂತ ನಾನು ಹೇಳೋನಲ್ಲ. ಹೊಗೆ ಕುಡಿದು, ಸೆಗಣಿ ಸಾರಿಸಿ ಸೊಂಟ ಬಿದ್ದ ಹೆಂಗಸರು ಒಪ್ಪೋದೂ ಇಲ್ಲ, ಒಪ್ಪಬಾರದು. ಮ್ಯೂಸಿಯಂನಲ್ಲಿ ಸಗಣಿ ವಾಸನೆ ಇರಲ್ಲ, ಅದಕ್ಕೇ ಎಲ್ಲಾ ಚೆಂದ ಕಾಣುತ್ತೆ. ಆದ್ರೆ ಅವರು ಬಡ ರೈತನ ಮನೆನೂ ಉಳಿಸೋ ವಸ್ತು ಅಂದ್ಕೊಂಡ್ರು. ನಾವು ಅರಮನೆ ನೋಡೋಕೆ ಮೈಸೂರಿಗೆ ಹೋಗ್ತೀವಿ, ನಮ್ಮಪ್ಪನ ಮನೆ ತೊಲೆ ಕಂಬ ಗುಜರಿಗೆ ಹಾಕ್ತೀವಿ.

ತಮ್ಮ ಈ ಕಾರ್ತೀಕದಲ್ಲಿ ಹಳೆ ಮನೆ ಕೆಡವೋಣ ಅಂತಿದ್ದಾನೆ. ಕೆಡವೋಣ, ಆದ್ರೆ ಅಟ್ಟ ಇರೋ ಕೋಣೆ ಒಂದು ಕಾಳಿಗೆ ಅಂತ ಬಿಡೋಣ ಅಂದೆ. ಇನ್ನೂ ಒಪ್ಪಿಲ್ಲ. ನಿಮ್ಮಲ್ಲಿ ಯಾರ ಮನೇಲಾದ್ರೂ ಹಗೇವು, ವಾಡೆ ಉಳಿದಿದ್ರೆ ಮುಚ್ಚೋ ಮುಂಚೆ ಒಂದು ಮಾತು ಹೇಳಿ. ಬಂದು ನೋಡ್ತೀನಿ, ತಮ್ಮನ್ನೂ ಕರ್ಕೊಂಡು ಬರ್ತೀನಿ.