ತಪ್ಪು ಬರೆದವರು, ತಪ್ಪು ಹೊತ್ತವರು

ಕೈವಾರದ ಮಠದ ಹೆಸರನ್ನು ಮೊದಲ ಸಲ ಓದಿದವರಿಗೆ ಬೋರ್ಡು ಬರೆದವನು ಎಲ್ಲೋ ಎಡವಿದ್ದಾನೆ ಅನ್ನಿಸಬಹುದು. ‘ಶ್ರೀ ಯೋಗಿ ನಾರೇಯಣ ಮಠ’. ನಾರಾಯಣ ಎಲ್ಲರಿಗೂ ಗೊತ್ತು, ಈ ‘ರೇ’ ಎಲ್ಲಿಂದ ಬಂತು? ಬಳೆ ಮಾರುತ್ತಿದ್ದ ನಾರಾಯಣಪ್ಪ ಯೋಗಿಯಾದ ಮೇಲೆ ಊರ ದೇವರು ಅಮರನಾರೇಯಣನ ಹೆಸರನ್ನೇ ಅಂಕಿತ ಮಾಡಿಕೊಂಡು ತೆಲುಗಿನಲ್ಲೂ ಕನ್ನಡದಲ್ಲೂ ಕೀರ್ತನೆ ಕಟ್ಟಿದರು. ಅವರ ಶತಕದ ಶೀರ್ಷಿಕೆಯಲ್ಲೇ ‘ನಾರೇಯಣ ಕವಿ’ ಇದ್ದಾನೆ. 1726ರಲ್ಲಿ ಹುಟ್ಟಿ 110 ವರ್ಷ ಬದುಕಿದರೆಂಬುದು ಭಕ್ತರ ನಂಬಿಕೆ. ಊರವರಿಗೆ ‘ತಾತಯ್ಯ’ ಅಂದರೆ ಸಾಕು. ಆದರೂ ಆಹ್ವಾನ ಪತ್ರಿಕೆಯಲ್ಲೋ ಸುದ್ದಿಯ ತಲೆಬರಹದಲ್ಲೋ ಆಗಾಗ ‘ಯೋಗಿ ನಾರಾಯಣ’ ಕಾಣಿಸಿಕೊಳ್ಳುತ್ತಾರೆ. ಕರಡು ತಿದ್ದಿದವರಿಗೆ ಸಂಸ್ಕೃತ ಚೆನ್ನಾಗಿ ಗೊತ್ತು, ಅದೇ ತೊಂದರೆ. ಸರಿಯಿದ್ದದ್ದನ್ನು ಸರಿಪಡಿಸಿದ ತಪ್ಪು ಇದು. ಇಂಥ ತಪ್ಪನ್ನು ಯಾರೂ ತಪ್ಪೆಂದು ಗುರುತಿಸುವುದೂ ಇಲ್ಲ.

ಸಾಮಾನ್ಯ ಪದದ ಕಾಗುಣಿತ ತಪ್ಪಿದರೆ ನಿಘಂಟು ತೆಗೆದು ತೋರಿಸಬಹುದು. ಹೆಸರಿಗೆ ನಿಘಂಟಿಲ್ಲ. ಇಟ್ಟುಕೊಂಡವರು ಹೇಗೆ ಬರೆದುಕೊಳ್ಳುತ್ತಾರೋ ಅದೇ ಸರಿ. ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರನ್ನೇ ನೋಡಿ. ಇಂಗ್ಲಿಷಿನಲ್ಲಿ ಅವರು ತಮ್ಮ ಹೆಸರು ಬರೆಯುತ್ತಿದ್ದ ರೀತಿಯಲ್ಲಿ ‘ಎಚ್’ ಇಲ್ಲ, ‘ಡಬ್ಲ್ಯು’ ಇಲ್ಲ, ಕೊನೆಯ ‘ಅಯ್ಯ’ಕ್ಕೆ ಒಂದೇ ಒಂದು ‘ವೈ’. 1951ರಲ್ಲಿ ಬಂದ ಅವರ ನೆನಪುಗಳ ಪುಸ್ತಕದ ಮೇಲೂ ಹಾಗೇ ಇದೆ. ಬೆಳಗಾವಿಯಲ್ಲಿ 1998ರಲ್ಲಿ ಶುರುವಾದ ತಾಂತ್ರಿಕ ವಿಶ್ವವಿದ್ಯಾಲಯವೂ ಅದನ್ನೇ ಉಳಿಸಿಕೊಂಡಿದೆ. ಸೆಪ್ಟೆಂಬರ್ 15 ಬಂತೆಂದರೆ ಎಂಜಿನಿಯರುಗಳ ದಿನದ ಬ್ಯಾನರುಗಳಲ್ಲಿ ಮಾತ್ರ ‘ಎಚ್’, ‘ಡಬ್ಲ್ಯು’, ‘ಐ’ಗಳೆಲ್ಲ ಬಂದು ಸೇರಿಕೊಳ್ಳುತ್ತವೆ. ಉಚ್ಚಾರಕ್ಕೆ ಹತ್ತಿರವಾಗಲಿ ಎಂಬ ಒಳ್ಳೆಯ ಮನಸ್ಸೇ ಇರಬಹುದು. ಲೆಕ್ಕದಲ್ಲಿ ಅಷ್ಟು ಕಟ್ಟುನಿಟ್ಟಾಗಿದ್ದ ಮನುಷ್ಯನಿಗೆ ತನ್ನ ಸಹಿ ಬರೆಯಲು ಬರುತ್ತಿರಲಿಲ್ಲ ಎಂದು ಭಾವಿಸುವುದು ಯಾವ ನ್ಯಾಯ?

ಊರುಗಳ ಮಾತು ಬೇರೆ. ಸಿಡ್ಲಘಟ್ಟವೋ ಶಿಡ್ಲಘಟ್ಟವೋ, ಎರಡೂ ಬೋರ್ಡು ನಮ್ಮಲ್ಲಿವೆ. ಗೌರಿಬಿದನೂರಿನ ಗೌರಿಗೆ ಇಂಗ್ಲಿಷಿನಲ್ಲಿ ಒಂದು ಕಡೆ ‘ಎ-ಯು’, ಇನ್ನೊಂದು ಕಡೆ ‘ಒ-ಡಬ್ಲ್ಯು’. 2014ರ ನವೆಂಬರ್ 1ರಂದು ಸರ್ಕಾರ 12 ನಗರಗಳ ಇಂಗ್ಲಿಷ್ ಹೆಸರನ್ನು ಕನ್ನಡದ ಉಲಿಗೆ ಹೊಂದಿಸಿತು. ನಮ್ಮ ಚಿಕ್ಕಬಳ್ಳಾಪುರ ಆ ಪಟ್ಟಿಯಲ್ಲಿ ಇರಲಿಲ್ಲ. ಆದರೂ ಯಾರ ಬಸ್ಸೂ ತಪ್ಪಿಲ್ಲ. ಊರು ದೊಡ್ಡದು, ತಡೆದುಕೊಳ್ಳುತ್ತದೆ.

ಇನ್ನು ನಾವೆಲ್ಲ ನಗುವ ತಪ್ಪುಗಳು. ‘ಹುಟ್ಟುಹಬ್ಬದ ಹಾರ್ಧಿಕ ಶುಭಾಷಯಗಳು’ ಎಂದು ಚಿಂತಾಮಣಿಯ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಎದ್ದರೆ ಸಂಜೆಯೊಳಗೆ ಅದರ ಫೋಟೊ ನೂರು ಮೊಬೈಲುಗಳಲ್ಲಿ ಓಡಾಡುತ್ತದೆ. ‘ಅದ್ಯಕ್ಷರು’, ‘ವಿಧ್ಯಾರ್ಥಿ’, ‘ಶ್ರದ್ದಾಂಜಲಿ’ ಎಲ್ಲವೂ ಇದೇ ಜಾತಿಯವು. ಇವುಗಳಲ್ಲಿ ಕೆಟ್ಟುಹೋಗುವುದು ಹೆಚ್ಚೆಂದರೆ ಮೇಷ್ಟ್ರ ಮನಸ್ಸು. ಅಚ್ಚಿನ ಮೊಳೆಯ ಕಾಲದಿಂದಲೂ ಕನ್ನಡದವರು ಇದನ್ನು ತಮಾಷೆಯಾಗಿಯೇ ತೆಗೆದುಕೊಂಡವರು. ವಿಶಾಖದತ್ತನ ನಾಟಕದ ಹೆಸರನ್ನೇ ಎತ್ತಿಕೊಂಡು ಬಂದು ಅಚ್ಚಿನ ತಪ್ಪಿಗೆ ‘ಮುದ್ರಾರಾಕ್ಷಸ’ ಎಂದು ಹೆಸರಿಟ್ಟರು. ಪುಸ್ತಕದ ಕೊನೆಗೆ ‘ತಪ್ಪು-ಒಪ್ಪು’ ಪಟ್ಟಿ ಅಂಟಿಸುತ್ತಿದ್ದರು. ಅದಕ್ಕೂ ಮುಂಚೆ ಓಲೆಗರಿ ನಕಲು ಮಾಡುತ್ತಿದ್ದವರು, ಮೂಲದಲ್ಲಿ ಕಂಡಂತೆ ಬರೆದಿದ್ದೇನೆ, ತಪ್ಪಿದ್ದರೆ ನನ್ನನ್ನು ಬೈಯಬೇಡಿ ಎಂದು ಕೊನೆಯಲ್ಲಿ ಬೇಡಿಕೊಳ್ಳುತ್ತಿದ್ದರು. ಬೇಡಿಕೊಳ್ಳುವಷ್ಟಾದರೂ ಅಳುಕು ಅವರಿಗಿತ್ತು ಎಂಬುದು ಮುಖ್ಯ.

ಬರೆದವನೇ ದಂಡ ತೆತ್ತದ್ದೂ ಉಂಟು. 1631ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಬೈಬಲ್‌ನ ಹತ್ತು ಕಟ್ಟಳೆಗಳಲ್ಲಿ ‘ಕೂಡದು’ ಎಂಬ ಅರ್ಥದ ಪುಟ್ಟ ಪದವೊಂದು ಬಿಟ್ಟುಹೋಗಿ, ವ್ಯಭಿಚಾರ ಮಾಡಬೇಕೆಂದು ದೇವರೇ ಅಪ್ಪಣೆ ಕೊಡಿಸಿದಂತಾಯಿತು. ಮುದ್ರಕರಿಗೆ 300 ಪೌಂಡ್ ದಂಡ ಬಿತ್ತು, ಪರವಾನಗಿಯೂ ಹೋಯಿತು.

ಅಮೆರಿಕದ ಕಾಮಿಕ್ಸ್‌ಗಳಲ್ಲಿ ನಡೆದದ್ದು ಇದಕ್ಕಿಂತ ಸೊಗಸು. 1963ರಲ್ಲಿ ಸ್ಪೈಡರ್‌ಮ್ಯಾನ್‌ನ ಸ್ವಂತ ಪತ್ರಿಕೆಯ ಮೊದಲ ಸಂಚಿಕೆಯಲ್ಲೇ ನಾಯಕ ಪೀಟರ್ ಪಾರ್ಕರ್ ಒಂದೆಡೆ ‘ಪೀಟರ್ ಪಾಮರ್’ ಆಗಿಹೋದ. ಮರುವರ್ಷ ಹಸಿರು ದೈತ್ಯ ಹಲ್ಕ್‌ನ ಮನುಷ್ಯರೂಪವಾದ ಬ್ರೂಸ್ ಬ್ಯಾನರ್‌ನನ್ನು ಕಥೆಗಾರ ಸ್ಟ್ಯಾನ್ ಲೀ ‘ಬಾಬ್ ಬ್ಯಾನರ್’ ಎಂದು ಬರೆದುಬಿಟ್ಟರು. ಹೆಸರು ನೆನಪಿರಲಿ ಎಂದೇ ಒಂದೇ ಅಕ್ಷರದಿಂದ ಶುರುವಾಗುವ ಜೋಡಿ ಹೆಸರುಗಳನ್ನು ಇಡುತ್ತಿದ್ದವರು ಲೀ. ಹಾಗಾಗಿ ‘ಬ’ಕಾರ ನೆನಪಿತ್ತು, ಉಳಿದದ್ದು ಮರೆತಿತ್ತು! ಓದುವ ಹುಡುಗರು ಹಿಡಿದು ಕೇಳಿದರು. ಲೀ ಅವರ ಪರಿಹಾರ ಹೀಗಿತ್ತು: ಆತನ ಪೂರ್ತಿ ಹೆಸರು ರಾಬರ್ಟ್ ಬ್ರೂಸ್ ಬ್ಯಾನರ್. ರಾಬರ್ಟ್‌ನನ್ನು ಬಾಬ್ ಎಂದು ಕರೆಯುವುದು ಅವರಲ್ಲಿ ರೂಢಿ. ಆದ್ದರಿಂದ ಎರಡೂ ಸರಿ. ಪಾತ್ರಕ್ಕೆ ಖರ್ಚಿಲ್ಲದೆ, ಓದುಗನನ್ನು ಅಲೆದಾಡಿಸದೆ, ಬರೆದವನೇ ಒಂದು ಸಾಲಿನಲ್ಲಿ ಸರಿಮಾಡಿಕೊಟ್ಟ.

ಕಾಮಿಕ್ಸ್ ಮಾತು ಬಂದಾಗ ನಮ್ಮದೇ ಒಂದು ಸಂಗತಿ ಹೇಳದಿರಲಾಗದು. ‘ಅಮರ ಚಿತ್ರ ಕಥೆ’ ಮೊದಲು ಬಂದದ್ದು ಕನ್ನಡದಲ್ಲಿ, 1965ರಲ್ಲಿ, ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಉತ್ಸಾಹದಿಂದ. ಕನ್ನಡದಲ್ಲಿ ಹತ್ತು ಪುಸ್ತಕಗಳು ಆದ ಮೇಲೆಯೇ ಇಂಗ್ಲಿಷ್ ಮಾಲಿಕೆ 11ನೇ ಸಂಖ್ಯೆಯ ‘ಕೃಷ್ಣ’ದಿಂದ ಶುರುವಾಯಿತು. ಆ ಸಂಖ್ಯೆ ಎಲ್ಲರ ಕಣ್ಣಿಗೂ ಬೀಳುತ್ತದೆ, ಅನಂತರಾಮ್ ಹೆಸರು ಕೆಲವರಿಗಷ್ಟೇ ಗೊತ್ತು. ಆ ಹೆಸರು ತಪ್ಪಾಗಿ ಅಚ್ಚಾಗಿದ್ದರೂ ಆಗುತ್ತಿತ್ತು, ಯಾರಾದರೂ ತಿದ್ದುತ್ತಿದ್ದರು.

ಈಗ ಸ್ಟ್ಯಾನ್ ಲೀಯವರನ್ನು ಬಿಟ್ಟು ನಾಡಕಚೇರಿಯ ಕಿಟಕಿಗೆ ಬರೋಣ. ‘ಭೂಮಿ’ ಯೋಜನೆ 2000ದ ಆಸುಪಾಸಿನಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ದೊಡ್ಡ ಕೆಲಸ, ಅನುಮಾನವಿಲ್ಲ. ಶಾನುಭೋಗರ ಪೆಟ್ಟಿಗೆಯಲ್ಲಿ ಇದ್ದದ್ದು 15 ರೂಪಾಯಿಗೆ ಯಾರ ಕೈಗಾದರೂ ಸಿಗುವಂತಾಯಿತು. ಆದರೆ ಕೈಬರಹ ನೋಡಿ ಟೈಪ್ ಮಾಡಿದವರು ಆ ಊರಿನವರಲ್ಲ. ಮುನಿಶಾಮಪ್ಪ ‘ಮುನಿಸ್ವಾಮಪ್ಪ’ನಾಗಲು, ದ್ಯಾವಪ್ಪ ‘ದೇವಪ್ಪ’ನಾಗಲು, ವೆಂಕಟ್ರಾಯಪ್ಪ ‘ವೆಂಕಟರಾಮಪ್ಪ’ನಾಗಲು ಎಷ್ಟು ಹೊತ್ತು ಬೇಕು? ನಮ್ಮ ಕಡೆ ಮನೆಮಾತು ತೆಲುಗು, ಕಾಗದದ ಮಾತು ಕನ್ನಡ. ಬಾಯಲ್ಲಿ ಒಂದು, ಬರಹದಲ್ಲಿ ಇನ್ನೊಂದು ಮೊದಲಿಂದಲೂ ಇತ್ತು. ಹಳೆಯ ಕಾಗದದಲ್ಲಿ ‘ಉರುಫ್’ ಎಂದು ಸೇರಿಸಿ ಎರಡನ್ನೂ ಇಟ್ಟುಕೊಳ್ಳುತ್ತಿದ್ದರು. ಕಂಪ್ಯೂಟರಿನ ಖಾನೆಗೆ ಒಂದೇ ಸಾಕು.

ಆಧಾರ್‌ನದು ಇನ್ನೊಂದು ದಾರಿ. ಅಲ್ಲಿ ಇಂಗ್ಲಿಷಿನಲ್ಲಿ ಹೆಸರು ಕುಟ್ಟಿದರೆ ಪಕ್ಕದಲ್ಲಿ ಕನ್ನಡ ತಾನಾಗಿ ಮೂಡುತ್ತದೆ. ನಾವು ದಕ್ಷಿಣದವರು ‘ತ’ಕಾರಕ್ಕೆ ‘ಟಿ-ಎಚ್’ ಬರೆಯುತ್ತೇವೆ, ಯಂತ್ರ ಅದನ್ನು ‘ಥ’ ಎಂದು ಓದಬಹುದು: ಲತಾ ‘ಲಥಾ’. ಇಂಗ್ಲಿಷಿಗೆ ಳ ಗೊತ್ತಿಲ್ಲ: ಪಿಳ್ಳಪ್ಪ ‘ಪಿಲ್ಲಪ್ಪ’. ದೀರ್ಘ ಗೊತ್ತಿಲ್ಲ: ಮಾರಪ್ಪ ‘ಮರಪ್ಪ’. ಳ ಮತ್ತು ದೀರ್ಘ ಎರಡೂ ಒಟ್ಟಿಗೆ ಹೋದರೆ ಮಾಳಮ್ಮನ ಗತಿ ಏನಾಗುತ್ತದೆಂದು ಓದುಗರೇ ಬರೆದು ನೋಡಿಕೊಳ್ಳಲಿ. ಅಂಥ ಕಾರ್ಡು ಹಿಡಿದ ಅಜ್ಜಿಯ ಹೆಸರನ್ನು ಬ್ಯಾಂಕಿನಲ್ಲಿ ಗಟ್ಟಿಯಾಗಿ ಕೂಗಿದಾಗ ಅದು ಫ್ಲೆಕ್ಸಿನ ‘ಶುಭಾಷಯ’ದ ಹಾಗೆ ನಗುವ ಸಂಗತಿಯಲ್ಲ.

ನಾಚಿಕೆಗಿಂತ ದೊಡ್ಡದು ಖರ್ಚು. ಪಹಣಿಯಲ್ಲಿ ಒಂದು, ಆಧಾರ್‌ನಲ್ಲಿ ಒಂದು ಹೆಸರಿದ್ದರೆ ಪಿಎಂ ಕಿಸಾನ್‌ನ ವರ್ಷದ 6,000 ರೂಪಾಯಿಗೆ ತಡೆ ಬೀಳಬಹುದು, ಬೆಳೆ ಸಾಲ ನಿಲ್ಲಬಹುದು. ಅಪ್ಪ ತೀರಿಕೊಂಡ ಮೇಲೆ ಪೌತಿ ಖಾತೆಗೆ ಹೋದಾಗ ‘ಬಿನ್’ ಮುಂದಿನ ಹೆಸರು ಹೊಂದುವುದಿಲ್ಲ, ಅಮ್ಮನದಾದರೆ ‘ಕೋಂ’ ಮುಂದಿನದು. ಆಗ ಇಬ್ಬರೂ ಒಬ್ಬರೇ ಎಂಬ ಅಫಿಡವಿಟ್, ನೋಟರಿ, ವಂಶವೃಕ್ಷ, ಕೆಲವೊಮ್ಮೆ ಪೇಪರಿನಲ್ಲಿ ಜಾಹೀರಾತು. ತಪ್ಪು ಬರೆದವರು ವರ್ಗವಾಗಿ ಎಲ್ಲೋ ಇರುತ್ತಾರೆ. ಕಿಟಕಿಯ ಆಚೆಯಿಂದ ಬರುವ ಉತ್ತರ ಒಂದೇ: ‘ಕಂಪ್ಯೂಟರ್‌ನಲ್ಲಿ ಹಾಗೇ ಇದೆಯಲ್ಲಪ್ಪ.’ ಒಂದು ದಿನದ ಕೂಲಿ, ಬಸ್ ಚಾರ್ಜು, ಸ್ಟಾಂಪಿನ ದುಡ್ಡು ಕಳೆದುಕೊಂಡು ತಾನು ತಾನೇ ಎಂದು ಸಾಬೀತು ಮಾಡಬೇಕಾದವನು ಹೆಸರಿನ ಒಡೆಯ.

ಕಟ್ಟುನಿಟ್ಟು ಬೇಡವೇ ಎಂದು ಕೇಳಬಹುದು. ಬೇಕು. ಒಂದೇ ಹಳ್ಳಿಯಲ್ಲಿ ಮೂವರು ಮುನಿಯಪ್ಪಂದಿರು ಇರುವ ಸೀಮೆ ಇದು. ಬೆಂಗಳೂರು ಹತ್ತಿರವಾದಂತೆ ಇಲ್ಲಿನ ನೆಲದ ಬೆಲೆಯೂ ಏರಿದೆ. ಕೇಳಿದ ತಕ್ಷಣ ಹೆಸರು ಬದಲಿಸಿಕೊಟ್ಟರೆ ಒಬ್ಬನ ಜಮೀನು ಇನ್ನೊಬ್ಬನದಾಗಲು ಒಂದು ಒತ್ತಕ್ಷರ ಸಾಕು. ಅಧಿಕಾರಿಗಳ ಹಿಂಜರಿಕೆಯಲ್ಲಿ ನ್ಯಾಯವಿದೆ, ನಾನು ಅಲ್ಲಗಳೆಯಲಾರೆ. ಆದರೆ ಇಲ್ಲಿ ಎರಡು ಬೇರೆ ಸಂಗತಿಗಳು ಕಲಸಿಹೋಗಿವೆ. ಹೊಸ ಹೆಸರು ಬೇಕೆಂದು ಕೇಳುವವನು ಪುರಾವೆ ತರಲಿ. ಕಚೇರಿಯದೇ ಹಳೆಯ ಕೈಬರಹದ ಪಹಣಿಯಲ್ಲಿ ಸರಿಯಿದ್ದು, ನಕಲಿಸುವಾಗ ಕೆಟ್ಟಿದ್ದರೆ, ಪುರಾವೆ ಕಚೇರಿಯ ಕಪಾಟಿನಲ್ಲೇ ಇದೆ. ಅದನ್ನು ತೆಗೆದು ನೋಡಿ ತಿದ್ದುವುದು ಕಚೇರಿಯ ಕೆಲಸ, ಕಚೇರಿಯ ಖರ್ಚು. ಅದಕ್ಕೆ ರೈತನಿಂದ ಪ್ರಮಾಣಪತ್ರ ಬರೆಸಿಕೊಳ್ಳುವುದೆಂದರೆ ತಪ್ಪಿನ ಹೊಣೆಯನ್ನೂ ಅವನಿಂದಲೇ ಬರೆಸಿಕೊಂಡಂತೆ.

ಫ್ಲೆಕ್ಸ್ ಅಂಗಡಿಯ ಹುಡುಗ ಇದರಲ್ಲಿ ಎಷ್ಟೋ ವಾಸಿ. ತಪ್ಪು ತೋರಿಸಿದರೆ ಬೈದುಕೊಂಡಾದರೂ ಇನ್ನೊಂದು ಹೊಡೆದು ಕೊಡುತ್ತಾನೆ, ಹಳೆಯದು ರಾಗಿ ಮೂಟೆಯ ಮೇಲೆ ಹೊದಿಕೆಯಾಗುತ್ತದೆ. ಆಧಾರ್‌ನಲ್ಲಿ ಹೆಸರು ತಿದ್ದಿಸಿಕೊಳ್ಳಲು ಒಬ್ಬರಿಗೆ ಇಡೀ ಬದುಕಿನಲ್ಲಿ ಸಾಮಾನ್ಯವಾಗಿ ಎರಡೇ ಅವಕಾಶ. ‘ಲಥಾ’ಳನ್ನು ಲತಾ ಮಾಡಿಸಿಕೊಂಡ ಹೆಣ್ಣುಮಗಳು ಯಂತ್ರ ಮಾಡಿದ ತಪ್ಪಿಗೆ ತನ್ನ ಒಂದು ಅವಕಾಶ ಖರ್ಚು ಮಾಡಿರುತ್ತಾಳೆ. ಮದುವೆಯಾದ ಮೇಲೆ ಹೆಸರಿನ ಮುಂದೆ ಗಂಡನ ಹೆಸರು ಸೇರಿಸಿಕೊಂಡರೆ ಎರಡನೆಯದೂ ಮುಗಿಯಿತು. ಆ ಸಲ ಕುಟ್ಟುವವನು ಇನ್ನೊಂದು ಅಕ್ಷರ ತಪ್ಪಿದರೆ ಮತ್ತೆ ಅರ್ಜಿ ಹಾಕಬೇಕಾದವಳು ಅವಳೇ.