ಹೂವಾಡಗಿತ್ತಿಗೆ ದಂಡ, ಪ್ಯಾಕೆಟ್ ಕಂಪನಿಗೆ ಪ್ರಮಾಣಪತ್ರ

ಪೇಟೆಯಲ್ಲಿ ಹೂ ಮಾರುವ ಹೆಂಗಸು ಎರಡು ಮೊಳ ಮಲ್ಲಿಗೆಯನ್ನು ತೆಳು ಕವರಿಗೆ ಹಾಕಿ ಕೊಟ್ಟರೆ ಅದು ಅಪರಾಧ. ಅವಳ ಬೆನ್ನ ಹಿಂದಿನ ಅಂಗಡಿಯಲ್ಲಿ ಸರ ಸರವಾಗಿ ತೂಗುವ ಶಾಂಪೂ ಸ್ಯಾಷೆ, ಚಿಪ್ಸ್ ಪ್ಯಾಕೆಟ್ಟುಗಳು ಅಪರಾಧವಲ್ಲ. ವಿಶಾಖಪಟ್ಟಣದ ಪೂರ್ಣಾ ಮಾರ್ಕೆಟ್, ವಿಜಯವಾಡದ ಬೆಸೆಂಟ್ ರೋಡ್, ನಮ್ಮ ಬೆಂಗಳೂರಿನ ಕೆ.ಆರ್. ಮಾರುಕಟ್ಟೆ, ಎಲ್ಲಿ ನಿಂತರೂ ಕಾನೂನು ಇದನ್ನೇ ಹೇಳುತ್ತದೆ. 2022ರ ಜುಲೈ 1ರಂದು ದೇಶಾದ್ಯಂತ ಜಾರಿಗೆ ಬಂದ ನಿಷೇಧದ ಪಟ್ಟಿಯಲ್ಲಿ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಸ್ಟ್ರಾ, ಬಲೂನಿನ ಕಡ್ಡಿ, ಮಿಠಾಯಿ ಡಬ್ಬದ ಮೇಲಿನ ಹಾಳೆ ಎಲ್ಲವೂ ಇವೆ. ಚರಂಡಿ ಕಟ್ಟಿಕೊಳ್ಳುವಂತೆ ಮಾಡುವ ಪ್ಯಾಕೆಟ್ ಮಾತ್ರ ಇಲ್ಲ.

ವಿಶಾಖಪಟ್ಟಣದ ಪಾಲಿಕೆ ಕೇಂದ್ರಕ್ಕಿಂತಲೂ ಮೊದಲು, 2022ರ ಜೂನ್ 5ರಿಂದಲೇ ಏಕಬಳಕೆ ಪ್ಲಾಸ್ಟಿಕ್ ನಿಷೇಧಕ್ಕೆ ಇಳಿಯಿತು. ಅದೇ ವರ್ಷ ಆಗಸ್ಟ್ 26ರಂದು ಅಲ್ಲಿನ ಕಡಲತೀರದಲ್ಲಿ ಸಾವಿರಾರು ಜನ ಸೇರಿ 76 ಟನ್ ಪ್ಲಾಸ್ಟಿಕ್ ಹೆಕ್ಕಿದರು. ಅದೇ ದಿನ ಆಂಧ್ರದ ಆಗಿನ ಮುಖ್ಯಮಂತ್ರಿ ಜಗನ್ ಮೋಹನ್ ರೆಡ್ಡಿ ರಾಜ್ಯದಲ್ಲಿ ಪ್ಲಾಸ್ಟಿಕ್ ಫ್ಲೆಕ್ಸ್ ಬ್ಯಾನರುಗಳನ್ನು ನಿಷೇಧಿಸುವುದಾಗಿ ಸಾರಿದರು. ಸಾಲ ಮಾಡಿ ಯಂತ್ರ ತಂದಿದ್ದ ಮುದ್ರಕರು ಬೀದಿಗೆ ಬೀಳುತ್ತೇವೆಂದರು. ನಿಷೇಧಕ್ಕೆ ಇಟ್ಟಿದ್ದ ನವೆಂಬರ್ 1ರ ಗಡುವು 2023ರ ಜನವರಿ 26ಕ್ಕೆ ಹೋಯಿತು. ಸಣ್ಣ ಮುದ್ರಕನಿಗೆ ಕಾಲಾವಕಾಶ ಸಿಕ್ಕಿದ್ದು ನ್ಯಾಯವೇ. ಬಟ್ಟೆಯ ಬ್ಯಾನರಿಗೆ ಹೊರಳಲು ಅವನಿಗೆ ಹಣ ಬೇಕು, ಗಿರಾಕಿ ಬೇಕು. ನನ್ನ ತಕರಾರು ಬೇರೆ: ಸಣ್ಣವರಿಗೆ ತಿಂಗಳ ಲೆಕ್ಕದಲ್ಲಿ ಅಳೆದು ಕೊಡುವ ಕಾಲವನ್ನು ದೊಡ್ಡವರಿಗೆ ವರ್ಷಗಟ್ಟಲೆ ಧಾರೆಯೆರೆಯಲಾಗಿದೆ.

ವಿಶಾಖಪಟ್ಟಣ, ವಿಜಯವಾಡ ಎರಡನ್ನೂ ಕೊಳಕು ಊರುಗಳೆಂದು ಯಾರೂ ಹೇಳುವಂತಿಲ್ಲ. 2023ರ ಸ್ವಚ್ಛ ಸರ್ವೇಕ್ಷಣದಲ್ಲಿ ದೊಡ್ಡ ನಗರಗಳ ಪೈಕಿ ವಿಶಾಖಪಟ್ಟಣ ನಾಲ್ಕನೆಯದು, ವಿಜಯವಾಡ ಆರನೆಯದು. ಗುಡಿಸುವವರು ತಮ್ಮ ಕೆಲಸ ಮಾಡುತ್ತಿದ್ದಾರೆ. ಹಾಗಿದ್ದೂ ವಿಜಯವಾಡದ ನಡುವೆ ಹರಿಯುವ ಬಂದರು, ಏಲೂರು, ರೈವ್ಸ್ ಕಾಲುವೆಗಳಲ್ಲಿ ಕವರು, ಬಾಟಲಿ ತೇಲುತ್ತಲೇ ಇರುತ್ತವೆ.

ಈಗ ವ್ಯಾಪಾರಿಗಳ ಮಾತಿಗೆ ಬರೋಣ. ‘ನಿಯಮ ಪಾಲಿಸಿದರೆ ಖರ್ಚು ಏರುತ್ತದೆ’ ಎನ್ನುತ್ತಾರೆ. ಅವರು ಪಾಲಿಸುತ್ತಿರುವ ರೀತಿಯಲ್ಲಿ ಪಾಲಿಸಿದರೆ ಏರುತ್ತದೆ, ನಿಜ. ಕ್ಯಾರಿಬ್ಯಾಗ್ 75 ಮೈಕ್ರಾನಿಗಿಂತ ದಪ್ಪವಿರಬೇಕು ಎಂದಾಗ ದಪ್ಪ ಕವರ್ ತಂದರು. 2022ರ ಕೊನೆಗೆ ಅದು 120 ಮೈಕ್ರಾನಿಗೆ ಏರಿದಾಗ ಇನ್ನೂ ದಪ್ಪದ್ದು ತಂದರು. ಆಮೇಲೆ ಜೋಳದ ಪಿಷ್ಟದ ಕವರ್, ಪೇಪರ್ ಲೋಟ. ಪೇಪರ್ ಲೋಟದ ಒಳಮೈಗೆ ಪ್ಲಾಸ್ಟಿಕ್ಕಿನ ಲೇಪವಿದೆ. ಗೊಬ್ಬರವಾಗುವ ಪ್ಲಾಸ್ಟಿಕ್ ಎಂದು ಮಾರುವ ಕವರು ಕರಗಲು ಅದಕ್ಕೇ ಮೀಸಲಾದ ಬಿಸಿ ಗೊಬ್ಬರ ಘಟಕ ಬೇಕು. ತಿಪ್ಪೆಯಲ್ಲಿ ಅದು ಕರಗಿ ಹೋಗುವುದಿಲ್ಲ. ಒಂದು ಸಲ ಬಳಸಿ ಎಸೆಯುವ ವಸ್ತುವಿನ ಜಾಗಕ್ಕೆ ಅದಕ್ಕಿಂತ ದುಬಾರಿಯಾದ, ಅದೇ ರೀತಿ ಎಸೆಯುವ ಇನ್ನೊಂದು ವಸ್ತು ತಂದರೆ ಖರ್ಚು ಇಳಿಯುವುದು ಹೇಗೆ?

ಲೆಕ್ಕಕ್ಕೆಂದು ಒಂದು ಟಿಫಿನ್ ಹೋಟೆಲ್ ಹಿಡಿಯೋಣ. ದಿನಕ್ಕೆ 200 ಪಾರ್ಸೆಲ್. ಒಂದಕ್ಕೆ ಡಬ್ಬ, ಚಟ್ನಿಯ ಕವರ್, ಸಾಂಬಾರಿನ ಕವರ್, ಹೊರಚೀಲ ಸೇರಿ 8 ರೂಪಾಯಿ. ದಿನಕ್ಕೆ 1,600 ರೂಪಾಯಿ, 360 ದಿನಕ್ಕೆ 5,76,000. ಇಷ್ಟು ಹಣ ನೇರವಾಗಿ ಕಸದ ಗಾಡಿ ಹತ್ತುತ್ತದೆ. ‘ಮನೆಯಿಂದ ಡಬ್ಬ ತಂದವರಿಗೆ 5 ರೂಪಾಯಿ ಕಡಿಮೆ’ ಎಂದು ಗಲ್ಲಾದ ಮೇಲೆ ಬರೆದು ಹಾಕಲಿ. ಅರ್ಧ ಜನ ತಂದರೂ ದಿನಕ್ಕೆ 300 ರೂಪಾಯಿ ಮಾಲೀಕನಿಗೆ ಉಳಿಯುತ್ತದೆ, ವರ್ಷಕ್ಕೆ 1,08,000. ಗಿರಾಕಿಗೂ ಲಾಭ. ಇದಕ್ಕೆ ಬೇಕಾದ ಬಂಡವಾಳ ಒಂದು ಬೋರ್ಡು.

ಇದು ಆಗದ ಹೋಗದ ಮಾತು ಎನ್ನುವವರಿಗೆ ನೀರಿನ ಕ್ಯಾನ್ ತೋರಿಸಬೇಕು. ವಿಜಯವಾಡದ ಯಾವ ಗಲ್ಲಿಗೆ ಹೋದರೂ 20 ಲೀಟರಿನ ಕ್ಯಾನ್ ಆಟೋದಲ್ಲಿ ಬರುತ್ತದೆ, ಖಾಲಿಯದು ವಾಪಸು ಹೋಗುತ್ತದೆ. ಡಿಪಾಸಿಟ್ ಕೊಟ್ಟವನು ಕ್ಯಾನನ್ನು ಕಾಲುವೆಗೆ ಎಸೆಯುವುದಿಲ್ಲ. ಗೋಲಿ ಸೋಡಾದ ಬಾಟಲಿಯೂ ಹೀಗೇ ತಿರುಗುತ್ತಿತ್ತು. ಯಾವ ಸರ್ಕಾರವೂ ಇದನ್ನು ಕಲಿಸಿಕೊಡಲಿಲ್ಲ. ವ್ಯಾಪಾರವೇ ತನ್ನ ಲಾಭಕ್ಕಾಗಿ ಕಂಡುಕೊಂಡ ದಾರಿ. ಊಟದ ಎಲೆಯ ವಿಷಯಕ್ಕೆ ಬಂದರೆ ವಿಶಾಖಪಟ್ಟಣದವರು ನಮಗಿಂತ ಅದೃಷ್ಟವಂತರು. ಪಾಡೇರು, ಅರಕು ಕಡೆಯ ಬೆಟ್ಟಗಳಲ್ಲಿ ಗಿರಿಜನರು ಅಡ್ಡಾಕು ಎಂಬ ಎಲೆ ಕೊಯ್ದು ಒಣಗಿಸಿ, ಕಡ್ಡಿ ಚುಚ್ಚಿ ವಿಸ್ತರಿ ಎಂಬ ಊಟದ ಎಲೆ ಮಾಡುತ್ತಾರೆ. ಮದುವೆ ಛತ್ರಗಳು ಆ ಎಲೆಯನ್ನು ಕೊಂಡರೆ ದುಡ್ಡು ಬೆಟ್ಟ ಹತ್ತುತ್ತದೆ. ಪ್ಲಾಸ್ಟಿಕ್ ಲೇಪಿಸಿದ ತಟ್ಟೆ ತಂದು ಅದಕ್ಕೆ ‘ಇಕೋ’ ಎಂದು ಹೆಸರಿಡುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ.

ಸಣ್ಣವರಿಗೆ ಇಷ್ಟು ಹೇಳುವ ಹಕ್ಕು ನಮಗೆ ಬರಬೇಕಾದರೆ ದೊಡ್ಡವರನ್ನೂ ಕೇಳಬೇಕು. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಿ ಒಂದು ಗಟ್ಟಿ ಮಾತಿತ್ತು: ಮರುಬಳಕೆಗೆ ಬಾರದ ಬಹುಪದರ ಪ್ಲಾಸ್ಟಿಕ್ಕನ್ನು, ಅಂದರೆ ಒಳಗೆ ಬೆಳ್ಳಗೆ ಹೊಳೆಯುವ ಆ ಚಿಪ್ಸ್ ಪ್ಯಾಕೆಟ್ಟಿನಂಥದ್ದನ್ನು, ಎರಡು ವರ್ಷದಲ್ಲಿ ಹಂತಹಂತವಾಗಿ ನಿಲ್ಲಿಸಬೇಕು. ಎರಡು ವರ್ಷ ಮುಗಿಯಿತು. 2018ರ ಮಾರ್ಚಿನಲ್ಲಿ ಪ್ಯಾಕೆಟ್ ಬದಲಾಗುವ ಬದಲು ವಾಕ್ಯ ಬದಲಾಯಿತು. ಮರುಬಳಕೆಗೆ ಬಾರದ, ಶಕ್ತಿ ಉತ್ಪಾದನೆಗೂ ಒದಗದ, ಬೇರೆ ಉಪಯೋಗವೂ ಇಲ್ಲದ ಪ್ಲಾಸ್ಟಿಕ್ಕನ್ನಷ್ಟೇ ನಿಲ್ಲಿಸಬೇಕು ಎಂದಾಯಿತು. ಬೆಂಕಿಗೆ ಹಾಕಿದರೆ ಉರಿಯದ ಪ್ಲಾಸ್ಟಿಕ್ ಯಾವುದಿದೆ? ಆ ಒಂದು ತಿದ್ದುಪಡಿಯಿಂದ ಇಡೀ ಬಹುಪದರ ಪ್ಯಾಕಿಂಗ್ ಉದ್ಯಮ ಪಾರಾಯಿತು. ವಿಶಾಖಪಟ್ಟಣದ ಕಾಪುಲುಪ್ಪಾಡದ ಕಸದ ರಾಶಿಯ ಪಕ್ಕದಲ್ಲಿ ಇಂದು ಕಸ ಉರಿಸಿ ವಿದ್ಯುತ್ ತೆಗೆಯುವ 15 ಮೆಗಾವ್ಯಾಟಿನ ಘಟಕವಿದೆ. ಉರಿಸುವ ಒಲೆಗೆ ದಿನವೂ ಕಸ ಬೇಕು. ಆ ಹಸಿವನ್ನು ನೆಚ್ಚಿಕೊಂಡ ಊರಿನಲ್ಲಿ ಕಸ ಕಡಿಮೆ ಮಾಡಿ ಎಂಬ ಮಾತಿಗೆ ಬಲ ಬರುವುದು ಕಷ್ಟ.

2022ರ ಫೆಬ್ರುವರಿ 16ರಂದು ಉತ್ಪಾದಕರ ವಿಸ್ತೃತ ಹೊಣೆಗಾರಿಕೆಯ ಮಾರ್ಗಸೂಚಿ ಬಂತು. ಮಾರುಕಟ್ಟೆಗೆ ಬಿಟ್ಟಷ್ಟು ಪ್ಲಾಸ್ಟಿಕ್ಕಿನ ಹೊಣೆಯನ್ನು ಕಂಪನಿ ಹೊರಬೇಕು, 2023–24ರ ಹೊತ್ತಿಗೆ ಪೂರ್ತಿ ಶೇಕಡ 100. ತತ್ವ ಸರಿಯಾಗಿಯೇ ಇದೆ. ಆದರೆ ಹೊಣೆಯನ್ನು ಕೊಳ್ಳಬಹುದಾದ ಚೀಟಿಯನ್ನಾಗಿ ಮಾಡಿದರು. ಮರುಬಳಕೆದಾರನಿಂದ ಪ್ರಮಾಣಪತ್ರ ಕೊಂಡರೆ ಸಾಕು. 2023ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯೇ ತಪಾಸಣೆ ಮಾಡಿದಾಗ ಸುಮಾರು 6 ಲಕ್ಷ ಪ್ರಮಾಣಪತ್ರಗಳು ಸುಳ್ಳೆಂದು ತಿಳಿಯಿತು. ಅವು ಹುಟ್ಟಿದ ರಾಜ್ಯಗಳಲ್ಲಿ ನಮ್ಮ ಕರ್ನಾಟಕವೂ ಒಂದು. ಹೂವಾಡಗಿತ್ತಿಯ ಕವರಿನ ದಪ್ಪ ಅಳೆಯಲು ಮಾಪಕ ಹಿಡಿದು ಹೋಗುವ ರಾಜ್ಯ, ನಡೆಯದ ಮರುಬಳಕೆಯ ಮೇಲೆ ಮುದ್ರೆ ಬಿದ್ದದ್ದನ್ನು ನೋಡದೆ ಇತ್ತು!

ಹೀಗೆ ಚೀಟಿ ಕೊಳ್ಳುವುದು ಕಂಪನಿಗಳಿಗೂ ಉಳಿತಾಯವಲ್ಲ. 2025–26ರಿಂದ ಗಟ್ಟಿ ಪ್ಲಾಸ್ಟಿಕ್ ಪ್ಯಾಕಿಂಗಿನಲ್ಲಿ ಶೇಕಡ 30 ಮರುಬಳಕೆಯ ಪ್ಲಾಸ್ಟಿಕ್ ಇರಲೇಬೇಕು, 2028–29ಕ್ಕೆ 60. ಚೀಟಿ ಕೊಂಡು ಕಾಲ ತಳ್ಳಿದವನು ಆಗ ಒಳ್ಳೆಯ ಮರುಬಳಕೆಯ ಮಾಲಿಗಾಗಿ ಕೇಳಿದ ಬೆಲೆ ಕೊಡಬೇಕು. ಸೀಗಡಿ ರಫ್ತು ಮಾಡುವ ವಿಶಾಖಪಟ್ಟಣದವರಿಗೆ ಇನ್ನೊಂದು ಗಡುವಿದೆ: ಐರೋಪ್ಯ ಒಕ್ಕೂಟದ ಹೊಸ ಪ್ಯಾಕಿಂಗ್ ನಿಯಮ 2026ರ ಆಗಸ್ಟ್ 12ರಿಂದ ಅನ್ವಯ. ಪೆಟ್ಟಿಗೆಯೊಳಗಿನ ಖಾಲಿ ಜಾಗಕ್ಕೂ ಅಲ್ಲಿ ಮುಂದೆ ಮಿತಿ ಬರಲಿದೆ. ಪೆಟ್ಟಿಗೆಯ ಅಳತೆ ಸರಿಮಾಡಿ, ಒಂದು ಪದರ ಕಿತ್ತು, ಒಂದೇ ಬಗೆಯ ಪ್ಲಾಸ್ಟಿಕ್ಕಿಗೆ ಇಳಿದವನಿಗೆ ಸಾಮಾನಿನ ಖರ್ಚು, ಸಾಗಣೆಯ ಖರ್ಚು, ಹೊಣೆಗಾರಿಕೆಯ ಟನ್ನು ಮೂರೂ ಇಳಿಯುತ್ತವೆ. ಏಕೆಂದರೆ ಹೊಣೆಯ ಲೆಕ್ಕ ತೂಕದ ಮೇಲೆ ನಡೆಯುತ್ತದೆ.

ನಾವು ಕನ್ನಡಿಗರು ಇದನ್ನು ದೂರದ ಸುದ್ದಿಯಂತೆ ಓದಬಾರದು. 2016ರ ಮಾರ್ಚ್ 11ರಂದೇ ಕರ್ನಾಟಕ ಕ್ಯಾರಿಬ್ಯಾಗ್, ಫ್ಲೆಕ್ಸ್, ತಟ್ಟೆ, ಲೋಟ ಎಲ್ಲವನ್ನೂ ನಿಷೇಧಿಸಿತು, ಆಂಧ್ರಕ್ಕಿಂತ ಆರು ವರ್ಷ ಮೊದಲೇ. ಇಂದು ಯಾವುದೇ ಸಂತೆಗೆ ಹೋಗಿ ನೋಡಿ, ಕವರ್ ಕೇಳದೆಯೇ ಕೈಗೆ ಬರುತ್ತದೆ. ಎಸೆಯುವುದಕ್ಕೆ ದಂಡ ಇಟ್ಟೆವು, ಮರಳಿಸುವುದಕ್ಕೆ ಬೆಲೆ ಇಡಲಿಲ್ಲ. ತಮಿಳುನಾಡು 2022ರಲ್ಲಿ, ಮದ್ರಾಸ್ ಹೈಕೋರ್ಟಿನ ಒತ್ತಾಯಕ್ಕೆ, ನೀಲಗಿರಿಯಲ್ಲಿ ಮದ್ಯದ ಬಾಟಲಿಗೆ 10 ರೂಪಾಯಿ ಹೆಚ್ಚಿಗೆ ಪಡೆದು ಖಾಲಿ ಬಾಟಲಿ ತಂದಾಗ ಹಿಂದಿರುಗಿಸಲು ಶುರುಮಾಡಿತು. ಕಾಡಿನ ದಾರಿಯಲ್ಲಿ ಒಡೆದು ಬೀಳುತ್ತಿದ್ದ ಬಾಟಲಿಗಳ ಬಹುಪಾಲು ಅಂಗಡಿಗೆ ಮರಳಿತು. ಕೃಷ್ಣೆಯ ನೀರು ಹಂಚಿಕೊಳ್ಳುವ ಕರ್ನಾಟಕವೂ ಆಂಧ್ರವೂ ನೀರಿನ ಬಾಟಲಿಗೂ ಇಂಥದ್ದೊಂದು ಡಿಪಾಸಿಟ್ ಇಟ್ಟರೆ, ವಿಜಯವಾಡದ ಪ್ರಕಾಶಂ ಬ್ಯಾರೇಜಿನ ಕೆಳಗೂ ಆಲಮಟ್ಟಿಯ ಬದಿಯಲ್ಲೂ ಬಾಟಲಿ ಹೆಕ್ಕುವವರಿಗೆ ಅದು ಕೂಲಿಯಾಗುತ್ತದೆ.

ಅಲ್ಲಿಯವರೆಗೆ ಪಾಲಿಕೆಯವರು ಇಷ್ಟಾದರೂ ಮಾಡಲಿ. ನಿಯಮದ ಪ್ರಕಾರ ಪ್ಯಾಕೆಟ್ಟಿನ ಮೇಲೆ ಕಂಪನಿಯ ನೋಂದಣಿಯ ವಿವರ ಇರಬೇಕು. 2025ರ ಜುಲೈಯಿಂದ ಅದನ್ನು ಕ್ಯೂಆರ್ ಕೋಡಿನಲ್ಲೂ ಕೊಡಬಹುದು. ಮುಂದಿನ ದಾಳಿಗೆ ಹೂವಿನ ಬುಟ್ಟಿಯ ಬಳಿ ಹೋಗುವ ಬದಲು ವಿತರಕನ ಗೋದಾಮಿಗೆ ಹೋಗಲಿ. ಒಂದು ಪ್ಯಾಕೆಟ್ ಕೈಗೆತ್ತಿಕೊಂಡು, ಫೋನಿನಲ್ಲಿ ಆ ಕೋಡ್ ತೆರೆದು, ನೋಂದಣಿ ಸಂಖ್ಯೆಯನ್ನು ಮಾಲಿನ್ಯ ನಿಯಂತ್ರಣ ಮಂಡಳಿಯ ಜಾಲತಾಣದಲ್ಲಿ ತಾಳೆ ನೋಡಲಿ. ಐದು ನಿಮಿಷದ ಕೆಲಸ. ದಂಡದ ಮೊದಲ ರಸೀದಿ ಅಲ್ಲಿ ಹರಿಯಲಿ.