ಅಪ್ಪನ ಫೋನಿನಲ್ಲಿ ಉಳಿದವರು

ಅಪ್ಪ ಬಿಪಿ ಮಾತ್ರೆ ಬಿಟ್ಟು ಇಪ್ಪತ್ತೆರಡು ದಿನ ಆಗಿತ್ತು. ನಮಗೆ ಗೊತ್ತಾಗಿದ್ದು, ಅಮ್ಮ ಟೀವಿ ಕೆಳಗಿನ ಡ್ರಾಯರ್ ಒರೆಸುವಾಗ ಮುಟ್ಟದೇ ಇದ್ದ ಎರಡು ಸ್ಟ್ರಿಪ್ ಸಿಕ್ಕಿದಾಗ. ಅವತ್ತೇ ದೊಡ್ಡಬಳ್ಳಾಪುರದ ನಮ್ಮ ಮಾಮೂಲಿ ಡಾಕ್ಟರ ಹತ್ತಿರ ಕರ್ಕೊಂಡು ಹೋದೆ. 180/110. ಡಾಕ್ಟರು ಬೈಯಲಿಲ್ಲ. ಮೀಟರನ್ನು ಅಪ್ಪನ ಕಡೆ ತಿರುಗಿಸಿ ತೋರಿಸಿ, ‘ಯಾರು ಹೇಳಿದ್ರು ನಿಲ್ಸೋಕೆ?’ ಅಂತ ಮಾತ್ರ ಕೇಳಿದರು. ಅಪ್ಪ ನನ್ನ ಮುಖ ನೋಡಿದರು. ನಾನು ಅಪ್ಪನ ಜೇಬಿನಲ್ಲಿದ್ದ ಫೋನ್ ನೋಡಿದೆ.

ದಾರಿಯಲ್ಲಿ ಬರುವಾಗ ಬಾಯಿ ಬಿಟ್ಟರು. ಒಂದು ಚಾನೆಲ್. ಹೆಸರು ಬೇಡ. ಯಾವುದೋ ಎಲೆಯ ಕಷಾಯ ನಲವತ್ತು ದಿನ ಕುಡಿದರೆ ಬಿಪಿ ಮಾತ್ರೆ ಬಿಸಾಕಬಹುದು ಅಂತ ಅದರಲ್ಲಿ ಹೇಳಿದ್ದರಂತೆ. ನಾನು ರೇಗಿದೆ. ಅಪ್ಪ ಶಾಂತವಾಗಿಯೇ ಅಂದರು: ‘ಅವನನ್ನ ಆರು ವರ್ಷದಿಂದ ನೋಡ್ತಿದೀನಿ ಕಣಮ್ಮ. ಸುಳ್ಳು ಹೇಳೋನಲ್ಲ.’

ಈ ಮಾತು ನನ್ನನ್ನು ರಾತ್ರಿಯಿಡೀ ಕಾಡಿತು. ಯಾಕಂದ್ರೆ ಅಪ್ಪ ದಡ್ಡರಲ್ಲ. ಮೂವತ್ತು ವರ್ಷ ಪವರ್‌ಲೂಮ್ ನಡೆಸಿದವರು. ನೂಲು ಮುಟ್ಟಿ ನೋಡಿ ‘ಇದು ಮಿಕ್ಸ್’ ಅಂತ ಹೇಳಿ ವಾಪಸ್ ಕಳಿಸಿದವರು. ಅಂಥವರು ಮೋಸ ಹೋಗಿದ್ದು ಹೇಗೆ ಅಂತ ತಿಳಿಯಬೇಕಿತ್ತು. ಆ ಚಾನೆಲ್ ತೆಗೆದು, ವಿಡಿಯೊ ಪಟ್ಟಿಯಲ್ಲಿ ‘ಓಲ್ಡೆಸ್ಟ್’ ಒತ್ತಿದೆ. (ಇದನ್ನು ನೀವೂ ಒಮ್ಮೆ ಮಾಡಿ ನೋಡಿ, ನಿಮ್ಮ ಇಷ್ಟದ ಯಾವುದೇ ಚಾನೆಲ್ ಮೇಲೆ.)

ಮೊದಲ ವಿಡಿಯೊಗಳು ಚೆನ್ನಾಗಿವೆ! ಕುಂಡದಲ್ಲಿ ಕರಿಬೇವು ಬೆಳೆಸೋದು, ಗಿಡದ ಬುಡಕ್ಕೆ ಹುಳಿಮಜ್ಜಿಗೆ ಹಾಕೋದು, ಕೊಂಬೆ ಎಲ್ಲಿ ಕತ್ತರಿಸಬೇಕು. ಮೂರು, ನಾಲ್ಕು ನಿಮಿಷ ಅಷ್ಟೆ. ನಮ್ಮ ಮಹಡಿ ಮೇಲೆ ಒಣಗಿ ಕಡ್ಡಿಯಾಗಿದ್ದ ಕರಿಬೇವಿನ ಗಿಡವನ್ನು ಅಪ್ಪ ಉಳಿಸಿಕೊಂಡಿದ್ದು ಇದೇ ವಿಡಿಯೊ ನೋಡಿ. ಇವತ್ತೂ ನಮ್ಮ ಸಾರಿಗೆ ಅದರದ್ದೇ ಒಗ್ಗರಣೆ. ಆಮೇಲೆ ನಿಧಾನಕ್ಕೆ ‘ಈ ಎಲೆಯ ಹತ್ತು ಉಪಯೋಗ’ ಬಂತು. ಮುಂದಿನ ವರ್ಷ ‘ಈ ಎಲೆ ತಿಂದರೆ ಶುಗರ್ ಹತ್ತಿರ ಬರಲ್ಲ’. ಆಮೇಲೆ ಬಿಪಿ. ಅದೇ ಮನುಷ್ಯ, ಅದೇ ಕಲ್ಲುಬೆಂಚು, ಅದೇ ಮೆಲುದನಿ. ದಿನಾ ನೋಡುವವರಿಗೆ ಎಲ್ಲಿ ತಿರುವು ಬಂತು ಅಂತ ಗೊತ್ತಾಗುವುದೇ ಇಲ್ಲ. ಅಪ್ಪ ನಂಬಿದ್ದು ಎಲೆಯನ್ನಲ್ಲ, ಕರಿಬೇವು ಉಳಿಸಿಕೊಟ್ಟವನನ್ನು.

ಇನ್ನೊಂದು ಕಣ್ಣಿಗೆ ಬಿತ್ತು. 2020ರ ನಂತರ ಅವನ ವಿಡಿಯೊಗಳೆಲ್ಲ ಎಂಟು ನಿಮಿಷದ ಮೇಲೆ ಐದು, ಹತ್ತು ಸೆಕೆಂಡ್. ಅದು ಕಾಕತಾಳೀಯ ಅಲ್ಲ. ವಿಡಿಯೊ ಮಧ್ಯದಲ್ಲಿ ಜಾಹೀರಾತು ಹಾಕಬೇಕಾದರೆ ಮೊದಲು ಅದು ಹತ್ತು ನಿಮಿಷ ಇರಬೇಕಿತ್ತು. 2020ರ ಜುಲೈನಲ್ಲಿ ಯೂಟ್ಯೂಬ್ ಅದನ್ನು ಎಂಟಕ್ಕೆ ಇಳಿಸಿತು. ಮೂರು ನಿಮಿಷದ ವಿಷಯಕ್ಕೆ ಐದು ನಿಮಿಷದ ನೀರು. ಅದಕ್ಕೂ ಮುಂಚೆ, 2012ರಿಂದಲೇ, ಎಷ್ಟು ಜನ ಒತ್ತಿದರು ಅನ್ನೋದಕ್ಕಿಂತ ಎಷ್ಟು ಹೊತ್ತು ನೋಡಿದರು ಅನ್ನೋದಕ್ಕೆ ಅಲ್ಲಿ ತೂಕ ಜಾಸ್ತಿ. 2020ರ ಸೆಪ್ಟೆಂಬರ್‌ನಲ್ಲಿ, ಟಿಕ್‌ಟಾಕ್ ನಿಷೇಧವಾದ ಮೂರು ತಿಂಗಳೊಳಗೆ, ಶಾರ್ಟ್ಸ್ ಬಂತು. ಅದು ಮೊದಲು ಬಂದಿದ್ದೇ ನಮ್ಮ ದೇಶಕ್ಕೆ. ಒಂದು ಕಡೆ ಉದ್ದ ಎಳೆ ಅಂತಾರೆ, ಇನ್ನೊಂದು ಕಡೆ ಒಂದೇ ನಿಮಿಷದಲ್ಲಿ ಬೆಚ್ಚಿಬೀಳಿಸು ಅಂತಾರೆ. ಇಷ್ಟೆಲ್ಲ ಎಳೆದಾಟದ ನಡುವೆ ಒಂದು ಚಾನೆಲ್ ಐದಾರು ವರ್ಷ ಹಾಗೇ ಉಳಿಯೋದು ಸುಲಭದ ಮಾತಲ್ಲ ಅಂತ ನನಗೆ ಅವತ್ತೇ ಅನಿಸಿದ್ದು.

ಭಾನುವಾರ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಫೋನ್ ತೆಗೆದೆ. ಸಬ್‌ಸ್ಕ್ರೈಬ್ ಆಗಿದ್ದು ನೂರಾ ನಲವತ್ತು ಚಾನೆಲ್. ಒಂದೊಂದಕ್ಕೂ ಹಳೇದು ಒಂದು, ಹೊಸದು ಒಂದು ನೋಡೋದು. ಎರಡೂ ಒಂದೇ ಮನೆಯವು ಅನ್ನಿಸಿದರೆ ಇಡೋದು. ಸಂಜೆ ಹೊತ್ತಿಗೆ ಹನ್ನೊಂದು ಉಳಿದವು.

ಮೊದಲು ಗೆದ್ದವರು ನಮ್ಮ ಜಿಲ್ಲೆಯವರೇ. ನೆಲಮಂಗಲ ಕಡೆಯ ಗಗನ್ ಶ್ರೀನಿವಾಸ್ ಅಂದರೆ ಯಾರು ಅಂತೀರಿ, ಡಾ. ಬ್ರೋ ಅಂದರೆ ಸಾಕು. ‘ನಮಸ್ಕಾರ ದೇವ್ರು’ ಅಂತ ಅವರು ಅಂದ ಕೂಡಲೇ ನಮ್ಮಪ್ಪ ಜೋರಾಗಿ ‘ನಮಸ್ಕಾರಪ್ಪ’ ಅಂತಾರೆ. ಪಾಕಿಸ್ತಾನಕ್ಕೆ ಹೋದರು, ತಾಲಿಬಾನ್ ಆಳ್ವಿಕೆಯ ಅಫ್ಘಾನಿಸ್ತಾನಕ್ಕೆ ಹೋದರು, ಆಫ್ರಿಕಾ ಸುತ್ತಿದರು. ಹೋದ ಕಡೆಯೆಲ್ಲ ಮಾಡುವುದು ಒಂದೇ: ಬೀದಿಯಲ್ಲಿ ಸಿಕ್ಕವರ ಜೊತೆ ಹರಟೆ. ಭಾಷೆ ಬರಲಿ, ಬಿಡಲಿ. ಮೊದಲ ದಿನದ ಕುತೂಹಲ ಇನ್ನೂ ಹಾಗೇ ಇದೆ. ಇಷ್ಟು ಹೆಸರು ಬಂದ ಮೇಲೆ ಹೋಟೆಲ್ ರೂಮು, ಕಾರು, ವಾಚು ತೋರಿಸಿಕೊಂಡು ಇರಬಹುದಿತ್ತು. ಸಾಮಾನ್ಯವಾಗಿ ಟ್ರಾವೆಲ್ ಚಾನೆಲ್‌ಗಳು ದಾರಿ ತಪ್ಪೋದು ಅಲ್ಲೇ, ಊರು ಹಿಂದೆ ಸರಿದು ತೋರಿಸುವವರೇ ಫ್ರೇಮಿನ ತುಂಬ ಆಗಿಬಿಡ್ತಾರೆ.

2023ರ ಕೊನೆಯ ಹೊತ್ತಿಗೆ ಕೆಲವು ವಾರ ವಿಡಿಯೊ ಬರಲಿಲ್ಲ. ಡಾ. ಬ್ರೋ ಎಲ್ಲಿ ಅಂತ ಜನ ಕೇಳಿದ್ದೇ ಒಂದು ಸುದ್ದಿಯಾಯ್ತು. ಅಪ್ಪನೂ ದಿನಾ ಕೇಳ್ತಿದ್ರು. ಆಗ ನನಗೆ ಇದು ಹುಚ್ಚು ಅನಿಸಿತ್ತು. ಈಗ ಯೋಚಿಸಿದರೆ, ಹೇಳೋಕೆ ಏನೂ ಇಲ್ಲದಿದ್ದಾಗ ಸುಮ್ಮನಿರುವುದೂ ಒಂದು ಮರ್ಯಾದೆ. ವಾರಕ್ಕೊಂದು ಹಾಕಲೇಬೇಕು ಅಂತ ಹಾಕಿದ ವಿಡಿಯೊದಿಂದಲೇ ಎಷ್ಟೋ ಚಾನೆಲ್ ಹಾಳಾಗೋದು.

ಹಾಗಂತ ವಾರಕ್ಕೊಂದು ಹಾಕಿಯೂ ಕೆಡದವರಿದ್ದಾರೆ. ಇಂಗ್ಲೆಂಡಿನ ಟಾಮ್ ಸ್ಕಾಟ್ ಹತ್ತು ವರ್ಷ ವಾರ ತಪ್ಪದೆ ವಿಡಿಯೊ ಹಾಕಿ, 2024ರ ಜನವರಿ 1ರಂದು ಇನ್ನು ವಾರದ ಲೆಕ್ಕ ಸಾಕು ಅಂತ ನಿಲ್ಲಿಸಿದರು. ಕೆಡುವ ಮುಂಚೆ ನಿಲ್ಲಿಸೋದು! ಕ್ರಿಕೆಟ್‌ನಲ್ಲೇ ಅಪರೂಪ.

ಅಮ್ಮನ ಪಾಲಿಗೆ ಎರಡು ಅಡುಗೆ ಚಾನೆಲ್ ಉಳಿದವು. ಹೆಬ್ಬಾರ್ಸ್ ಕಿಚನ್ ನಿಮಗೆಲ್ಲ ಗೊತ್ತಿರೋದೇ, ಉಡುಪಿ ಮೂಲದ ಅರ್ಚನಾ ಹೆಬ್ಬಾರ್ ಆಸ್ಟ್ರೇಲಿಯಾದಲ್ಲಿ ಕೂತು ಶುರುಮಾಡಿದ್ದು. ಮುಖ ಇಲ್ಲ, ಕೈ ಮತ್ತು ಬಾಣಲೆ ಅಷ್ಟೆ. ಪಿಜಿಯಲ್ಲಿದ್ದಾಗ ನಾನು ಕಲಿತ ಅಡುಗೆ ಅರ್ಧ ಅಲ್ಲಿಂದಲೇ. ಇದರ ಬಗ್ಗೆ ಹೆಚ್ಚು ಹೇಳೋದಿಲ್ಲ.

ಇನ್ನೊಂದು ಭಟ್ ಎನ್ ಭಟ್. ಕಾಸರಗೋಡು ಸೀಮೆಯ ಸುದರ್ಶನ್ ಭಟ್ ಬೆದ್ರಡಿ 2020ರ ಲಾಕ್‌ಡೌನ್‌ನಲ್ಲಿ ಮನೆಯಲ್ಲೇ ಶುರುಮಾಡಿದ್ದು. ನಮ್ಮ ಕಡೆ ರಾಗಿಮುದ್ದೆ, ಬಸ್ಸಾರು, ಅವರೆಕಾಳು. ಅಲ್ಲಿ ತೆಂಗಿನೆಣ್ಣೆ, ಹಲಸು, ಬಾಳೆಎಲೆ. ಅಮ್ಮ ಅದರಲ್ಲಿ ಒಂದೂ ಮಾಡಿ ಬಡಿಸಿದ್ದಿಲ್ಲ. ‘ಇವ್ರಿಗೆ ಕಾಯಿ ರೇಟು ಗೊತ್ತಾ?’ ಅಂತ ಗೊಣಗ್ತಾ ಪೂರ್ತಿ ನೋಡ್ತಾರೆ. ಯಾಕಮ್ಮಾ ಮತ್ತೆ ನೋಡ್ತೀಯ ಅಂದರೆ, ‘ಅವ್ನು ತಿನ್ನೋದು ನೋಡೋಕೆ’ ಅಂತಾರೆ! ನಾನು ಹಳೇದು, ಹೊಸದು ಹೋಲಿಸಿದಾಗ ಕಂಡಿದ್ದು ಬೇರೆ. ಆ ಚಾನೆಲ್ ಓಡೋದು ಟ್ರೆಂಡ್ ಮೇಲಲ್ಲ, ತೋಟದ ಮೇಲೆ. ಹಲಸಿನ ಕಾಲದಲ್ಲಿ ಹಲಸು, ಮಾವಿನ ಕಾಲದಲ್ಲಿ ಮಾವು. ಮುಂದೇನು ಮಾಡಬೇಕು ಅಂತ ಮರವೇ ಹೇಳುತ್ತೆ. ಕ್ಯಾಮೆರಾ ಕೆಲಸ ಮೊದಲಿಗಿಂತ ಚೆಂದವಾಗಿದೆ, ಮಾತು ಆ ಸೀಮೆಯ ಕನ್ನಡವಾಗಿಯೇ ಉಳಿದಿದೆ. ಬೆಂಗಳೂರಿನ ನೋಡುಗರಿಗಾಗಿ ಅದನ್ನು ತಿದ್ದಿಕೊಳ್ಳಲಿಲ್ಲ ಅನ್ನೋದು ನನಗೆ ತುಂಬಾ ಹಿಡಿಸಿತು.

ಊಟದ ಮಾತು ಬಂತು, ಹೊಸಕೋಟೆ ಬಿಟ್ಟರೆ ಆ ಕಡೆಯ ನನ್ನ ಸ್ನೇಹಿತರು ಸುಮ್ಮನಿರಲ್ಲ. ಬೆಳಕು ಹರಿಯೋ ಮುಂಚೆ ದಮ್ ಬಿರಿಯಾನಿಗೆ ಅಲ್ಲಿ ಕ್ಯೂ ನಿಲ್ಲೋದು ಈಗ ಊರಿಗೆಲ್ಲ ಗೊತ್ತು, ಗೊತ್ತುಮಾಡಿದ್ದರಲ್ಲಿ ವಿಡಿಯೊಗಳ ಪಾಲೂ ದೊಡ್ಡದು. ಆದರೆ ಆ ವಿಡಿಯೊಗಳಲ್ಲಿ ನೂರಕ್ಕೆ ತೊಂಬತ್ತು ಒಂದೇ. ಒಂದು ತುತ್ತು, ಕಣ್ಣು ಮೇಲೆ, ‘ಬೆಂಕಿ ಗುರೂ’. ತಮ್ಮನಿಗೆ ನಾನು ತೋರಿಸಿದ್ದು ಫುಡ್ ಲವರ್ಸ್ ಟಿವಿಯ ಕೃಪಾಲ್ ಅಮನ್ನ ಅವರದ್ದು. ಮಾತು ಇಂಗ್ಲಿಷ್, ಸ್ವಲ್ಪ ಅಲಂಕಾರ ಜಾಸ್ತಿಯೇ. ಆದರೆ ಅವರು ಮೊದಲು ಹೋಗೋದು ಅಡುಗೆಮನೆಗೆ. ಒಲೆ ಹಚ್ಚಿದ್ದು ಎಷ್ಟು ಗಂಟೆಗೆ, ಅಂಗಡಿ ಶುರುಮಾಡಿದ್ದು ಯಾರು, ಅಂತ ಕೇಳಿಕೊಂಡು ಆಮೇಲೆ ತಟ್ಟೆಗೆ ಬರ್ತಾರೆ. ಇಷ್ಟು ವರ್ಷದಲ್ಲಿ ಆ ಕ್ರಮ ತಪ್ಪಿದ್ದು ನಾನು ಕಂಡಿಲ್ಲ.

ಕಲಾಮಾಧ್ಯಮ ಇಡೋದೋ ಬೇಡವೋ ಅಂತ ನಮ್ಮಿಬ್ಬರಿಗೂ ಜಗಳ ಆಯ್ತು. ಕೆಲವು ತಲೆಬರಹ ನೋಡಿದರೆ ನನಗೆ ಭಯ ಆಗುತ್ತೆ. ಅಪ್ಪ ಒಪ್ಪಲಿಲ್ಲ. ‘ತಲೆಬರಹ ಓದ್ಬೇಡ, ಒಳಗಡೆ ಕೇಳು’ ಅಂದರು. ಕೇಳಿದೆ. ಪರಂ ಒಂದು ಸಣ್ಣ ಪ್ರಶ್ನೆ ಕೇಳಿ ಸುಮ್ಮನಾಗ್ತಾರೆ. ಎದುರಿಗಿರೋ ಹಿರಿಯ ಕಲಾವಿದರು ಕಂತಿನ ಮೇಲೆ ಕಂತು ತಮ್ಮ ಕಾಲ ನೆನೆಸಿಕೊಳ್ತಾರೆ. ನಡುವೆ ಬಾಯಿ ಹಾಕೋರು ಯಾರೂ ಇಲ್ಲ. ನಮ್ಮ ಟೀವಿ ಚರ್ಚೆ ನೋಡಿ ಅಭ್ಯಾಸವಾದ ಕಿವಿಗೆ ಅದು ಒಂಥರಾ ತಂಪು. ಎಲ್ಲ ಕಂತೂ ಒಂದೇ ತೂಕದ್ದಲ್ಲ ಅಂತ ನಾನಿನ್ನೂ ಹೇಳ್ತೀನಿ. ಆದರೂ ಇರಲಿ ಅಂತ ಬಿಟ್ಟೆ.

ಇಷ್ಟಾದರೂ ಆ ಎಲೆಯ ಚಾನೆಲ್ ತೆಗೆಯೋಕೆ ಅಪ್ಪ ಬಿಡಲಿಲ್ಲ. ‘ಅದೊಂದು ಇರ್ಲಿ ಬಿಡು, ಕಷಾಯ ಕುಡಿಯಲ್ಲ.’ ನಾನು ಆಗ ಚಂದನದ ಯೂಟ್ಯೂಬ್ ಚಾನೆಲ್ ತೆಗೆದೆ. ‘ಥಟ್ ಅಂತ ಹೇಳಿ’ 2002ರಿಂದ ನಡೀತಾ ಇದೆ. ನಾನು ಶಾಲೆಗೆ ಹೋಗ್ತಿದ್ದಾಗ ಮಗ್ಗದ ಸದ್ದಿನ ನಡುವೆ ಟೀವಿ ವಾಲ್ಯೂಮ್ ಜೋರು ಮಾಡಿ ನೋಡ್ತಿದ್ವಿ. ಈಗ ಅದೇ ಫೋನಿನಲ್ಲಿದೆ. ನಾ. ಸೋಮೇಶ್ವರ ಅವರ ಅದೇ ನಗು, ಸರಿ ಉತ್ತರಕ್ಕೆ ಅದೇ ಪುಸ್ತಕದ ಬಹುಮಾನ. ಅಪ್ಪ ಈಗಲೂ ಸ್ಪರ್ಧಿಗಳಿಗಿಂತ ಮುಂಚೆ ಉತ್ತರ ಹೇಳ್ತಾರೆ, ಅರ್ಧ ತಪ್ಪು ಹೇಳ್ತಾರೆ.

‘ಅಪ್ಪಾ, ಸೋಮೇಶ್ವರ ಅವರು ಓದಿದ್ದೇನು ಗೊತ್ತಾ?’

‘ಡಾಕ್ಟ್ರಲ್ವಾ.’

‘ಇಷ್ಟು ವರ್ಷದಲ್ಲಿ ಯಾವತ್ತಾದ್ರೂ ಈ ಕಾರ್ಯಕ್ರಮದಲ್ಲಿ ಕೂತು ಮಾತ್ರೆ ಬಿಸಾಕಿ ಅಂದಿದ್ದಾರಾ?’

ಅಪ್ಪ ಮಾತಾಡಲಿಲ್ಲ. ನಾನು ಗೆದ್ದೆ ಅಂದುಕೊಂಡೆ. ಸ್ವಲ್ಪ ಹೊತ್ತು ಬಿಟ್ಟು ಅವರು ಹೇಳಿದ್ದು ಇದು: ‘ನೀನು ಮಾತ್ರೆ ತಂದಿಟ್ಟು ಏರ್‌ಪೋರ್ಟ್ ಕಡೆ ಆಫೀಸಿಗೆ ಹೋಗ್ತೀಯ. ಬರೋದು ರಾತ್ರಿ. ಮಗ್ಗ ಮಾರಿದ್ಮೇಲೆ ಮನೇಲಿ ಸದ್ದೇ ಇಲ್ಲ. ಅವ್ನು ದಿನಾ ಬೆಳಗ್ಗೆ ಬಂದು ಹೇಗಿದೀರಾ ಅಂತಿದ್ದ ಕಣಮ್ಮ.’

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ದೇವನಹಳ್ಳಿ ರಸ್ತೆಯಲ್ಲಿ ದಿನಕ್ಕೆ ಎರಡು ಗಂಟೆ ಕ್ಯಾಬಿನಲ್ಲಿ ಕೂತು ನಾನೂ ಯಾರ್ಯಾರನ್ನೋ ಹೀಗೇ ನೋಡ್ತೀನಿ. ಅವರು ನಿಜಕ್ಕೂ ಎಂಥವರು ಅಂತ ನಾನು ಯಾವತ್ತೂ ಕೇಳಿಕೊಂಡಿಲ್ಲ.

ಕೊನೆಗೆ ಒಂದು ಒಪ್ಪಂದಕ್ಕೆ ಬಂದ್ವಿ. ಆ ಚಾನೆಲ್ಲಿನ ಮೊದಲ ವರ್ಷದ ಗಿಡದ ವಿಡಿಯೊಗಳನ್ನು ಮಾತ್ರ ಆರಿಸಿ ಒಂದು ಪ್ಲೇಲಿಸ್ಟ್ ಮಾಡಿಕೊಟ್ಟೆ. ‘ಹಳೇ ಕರಿಬೇವು’ ಅಂತ ಹೆಸರು ಅಪ್ಪನೇ ಹೇಳಿದ್ದು. ಸಬ್‌ಸ್ಕ್ರಿಪ್ಷನ್ ತೆಗೆದೆ. ಒಂದಾದ ಮೇಲೊಂದು ತಾನಾಗಿ ಓಡೋ ಆಟೋಪ್ಲೇ ಆಫ್ ಮಾಡಿದೆ. ವಾಚ್ ಹಿಸ್ಟರಿ ಅಳಿಸಿ ನಿಲ್ಲಿಸಿದೆ. ಹಾಗೆ ಮಾಡಿದರೆ ಮುಖಪುಟದಲ್ಲಿ ಶಿಫಾರಸುಗಳೇ ಬರಲ್ಲ, ಖಾಲಿ. ಬೇಕಾದವರ ಮನೆಗೆ ನಾವೇ ಹೋಗಬೇಕು, ಅವರು ಬಾಗಿಲು ತಟ್ಟಲ್ಲ. ಅಪ್ಪ ಮೊದಲ ದಿನ ಫೋನ್ ಕೆಟ್ಟುಹೋಗಿದೆ ಅಂತ ನನಗೆ ಕಾಲ್ ಮಾಡಿದ್ದರು.

ಈಗ ರಾತ್ರಿ ಊಟ ಆದಮೇಲೆ ಅರ್ಧ ಗಂಟೆ ಇಬ್ಬರೂ ಒಟ್ಟಿಗೆ ನೋಡ್ತೀವಿ. ಮೊನ್ನೆ ಡಾ. ಬ್ರೋ ಯಾವುದೋ ದೇಶದ ಸಂತೆಯಲ್ಲಿ ನಡೀತಾ ಇದ್ದರು, ಪಕ್ಕದಲ್ಲಿ ಬಟ್ಟೆ ಅಂಗಡಿ. ಅಪ್ಪ ತಟ್ಟನೆ ಪಾಸ್ ಒತ್ತಿದರು. ತೆರೆಯನ್ನು ಎರಡು ಬೆರಳಲ್ಲಿ ದೊಡ್ಡದು ಮಾಡಿ, ‘ನೋಡು, ಹೊಕ್ಕು ಸಡಿಲ ಬಿಟ್ಟಿದಾನೆ, ಎರಡು ಒಗೆತಕ್ಕೆ ಕೈಗೆ ಬರುತ್ತೆ’ ಅಂದರು. ಆಮೇಲೆ ಹಾಸಿಗೆ ಎಷ್ಟು ಎಳೆ ಇರಬೇಕು, ಲಾಳಿ ಸಿಕ್ಕಿಹಾಕಿಕೊಂಡಾಗ ಏನು ಮಾಡ್ತಿದ್ದರು, ನಾನು ಮಗುವಾಗಿದ್ದಾಗ ಮಗ್ಗ ನಿಲ್ಲಿಸಿದರೆ ಎದ್ದು ಅಳುತ್ತಿದ್ದೆ ಅನ್ನೋದು. ಫೋನ್ ಕೈಯಲ್ಲೇ ಇತ್ತು, ತೆರೆ ಯಾವಾಗಲೋ ಆರಿಹೋಗಿತ್ತು. ಹತ್ತೂವರೆಗೆ ಅಮ್ಮ ಒಳಗಿನಿಂದ ಕೂಗಿದರು, ‘ಮಾತ್ರೆ ತಗೊಂಡ್ರಾ?’ ಅಂತ.

‘ಆಯ್ತು, ಆಯ್ತು’ ಅಂದರು ಅಪ್ಪ. ನಾನು ಎದ್ದು ಹೋಗಿ ಸ್ಟ್ರಿಪ್ ನೋಡಿ ಬಂದೆ. ತಗೊಂಡಿದ್ದರು.